ಸದ್ದಿಲ್ಲದ ಗಾಳಿ

ಕಥೆಯೊಳಗಿನ ಒಂಟೆ ಬಾವಿಯ ಬಳಿ ಮುಂಗಾಲು ಮಡಚುವ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಯಕುರಾಳ ಬಾಯಿಂದ ಅರ್ಧ ಹೊರಬಂದಿದ್ದ ವಾಕ್ಯ ಅಲ್ಲೇ ನಿಂತಿತು. ಪರದೆ ತಾನಾಗಿ ಮತ್ತೆ ಬೆಳಗೀತು ಎನ್ನುವಂತೆ ಅವಳು ಮೈಕಿನ ಮುಂದೆ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ಕೂತಿದ್ದಳು. ಬೆಳಗಲಿಲ್ಲ. ಕೀಲಿಗಳ ಮೇಲೆ ಅಂಗೈ ಇಟ್ಟು ನೋಡಿದಳು. ಒಲೆಯಿಂದ ಈಗಷ್ಟೇ ಇಳಿಸಿದ ಹೆಂಚಿನ ಹಾಗೆ ಸುಡುತ್ತಿತ್ತು.

ಕೋಣೆಯೇನೂ ಅದಕ್ಕಿಂತ ತಂಪಾಗಿರಲಿಲ್ಲ. ಬೀದಿಯ ಆಟೋಗಳ ಗಲಾಟೆ, ಪಕ್ಕದ ಮನೆಯ ಆಡುಗಳ ಕೂಗು ಒಳಗೆ ಬರದಿರಲೆಂದು ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದಳು. ಮೇಲೆ ತಗಡಿನ ಮಾಡು. ಉಪವಾಸದ ತಿಂಗಳು ಇನ್ನೇನು ಬರುವುದರಲ್ಲಿತ್ತು. ಅದಕ್ಕೂ ಮೊದಲೇ ಮೈದುಗುರಿಯ ಬಿಸಿಲು ಬಂದು ಊರಿನ ಎದೆಯ ಮೇಲೆ ಕೂತಿತ್ತು. ಕರೆಂಟಿಗೆ ಆ ಬೀದಿಯ ನೆನಪಾಗಿ ಎಷ್ಟು ಕಾಲವಾಗಿತ್ತೋ. ಇದ್ದದ್ದು ಮಾಡಿನ ಮೇಲಿನ ಒಂದು ಸೋಲಾರ್ ಹಲಗೆ, ಅದಕ್ಕೂ ಜೀವ ಬರುವುದು ಬಿಸಿಲೇರಿದ ಮೇಲೆ. ಹೀಗಾಗಿ ಯಂತ್ರಕ್ಕೆ ಊಟ ಸಿಗುವ ಹೊತ್ತೂ ಅದು ಬೇಯುವ ಹೊತ್ತೂ ಒಂದೇ ಆಗಿತ್ತು.

"ಯಾಕೇ ಸುಮ್ನಾದೆ? ಒಂಟೆ ಸತ್ತೋಯ್ತಾ?" ಹೊರಗಿನ ಜಗಲಿಯಿಂದ ಅತ್ತೆಯ ದನಿ ಬಂತು. ಹಜ್ಜಾ ಕೆಲ್ಲು ಅಲ್ಲಿ ಕೂತು ನೆಲಗಡಲೆ ಸುಲಿಯುತ್ತಿದ್ದಳು.

"ಒಂಟೆ ಅಲ್ಲ ಹಜ್ಜಾ, ಲ್ಯಾಪ್‌ಟಾಪು."

"ಮತ್ತೆಯಾ? ಹೊಸದು ಹೊಸದು ಅಂತ ಕುಣಿದ್ರಿ ಗಂಡ ಹೆಂಡ್ತಿ. ನಮ್ಮ ರೇಡಿಯೋ ನೋಡು, ನನ್ನ ಮದುವೇಲಿ ಬಂದಿದ್ದು. ಇನ್ನೂ ಒಂದು ಸಲ ಕೆಮ್ಮಿಲ್ಲ."

ಯಕುರಾ ಬಿಳಿ ಬಟ್ಟೆಯ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ಬೆವರು ಬೆವರಿನ ಹಾಗೆಯೇ ನಾರುತ್ತಿತ್ತು, ಬೇರೆ ಯಾವ ವಾಸನೆಯೂ ಇರಲಿಲ್ಲ. ಗಂಡ ಬುಕರ್ ಚಳಿಗಾಲದ ಧೂಳುಗಾಳಿ ಬೀಸುತ್ತಿದ್ದಾಗ ಜ್ವರ ಬಂದು ತೀರಿಕೊಂಡಿದ್ದ. ಅಂದಿನಿಂದ ಅವಳು ವಿಧವೆಯರ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್‌ನಲ್ಲಿ ಕೂತಿದ್ದಳು. ಹೊಸಿಲು ದಾಟುವಂತಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ಕೈಗೆ ಮದರಂಗಿ ಇಲ್ಲ, ಮೈಗೆ ಧೂಪದ ಹೊಗೆ ತಾಗಿಸುವಂತಿಲ್ಲ.

ಅದಕ್ಕೂ ಮೊದಲು ಅವಳು ರೇಡಿಯೋ ಕೇಂದ್ರಕ್ಕೆ ಹೋಗಿ ಕನೂರಿ ಭಾಷೆಯಲ್ಲಿ ಕಥೆ ಓದಿ ಬರುತ್ತಿದ್ದಳು. ಲಾರಿ ಸ್ಟ್ಯಾಂಡಿನ ಡ್ರೈವರುಗಳು ಕೂಡ ಎಂಜಿನ್ ನಿಲ್ಲಿಸಿ ಅವಳ ದನಿ ಕೇಳುತ್ತಿದ್ದರೆಂದು ಬುಕರ್ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ. ಮನೆಯಲ್ಲೇ ಓದಿ ಅಭ್ಯಾಸ ಮಾಡಲೆಂದು ಈ ಲ್ಯಾಪ್‌ಟಾಪ್ ತಂದುಕೊಟ್ಟವನೂ ಅವನೇ. ಅವನು ಹೋದ ಮೇಲೆ ಕೇಂದ್ರದ ಕಚಲ್ಲಾ ಎಂಬಾತ ಒಂದು ಮೈಕು ಕಳಿಸಿ, "ಮನೇಲೇ ಓದಿ ಕಳ್ಸಿ ಅಕ್ಕಾ, ಉಪವಾಸದ ತಿಂಗಳ ಧಾರಾವಾಹಿ ನಿಮ್ಮದೇ," ಎಂದಿದ್ದ. ಮರುಭೂಮಿಯಲ್ಲಿ ಉಪ್ಪು ಹೊರುವ ಒಂಟೆಗಳ ಜೊತೆ ನಡೆದ ಒಂದು ಕುಟುಂಬದ ಕಥೆ. ಸಂಜೆ ಉಪವಾಸ ಬಿಡುವ ಮುನ್ನ ದಿನವೂ ಒಂದು ಕಂತು. ಮೊದಲ ವಾರದ್ದು ನಾಳೆ ಮಧ್ಯಾಹ್ನದೊಳಗೆ ಅವನ ಕೈ ಸೇರಬೇಕಿತ್ತು. ಯಕುರಾಳ ಬಳಿ ಈವರೆಗೆ ಒಂದು ಕಂತೂ ಪೂರ್ತಿ ಆಗಿರಲಿಲ್ಲ.

ಬರೀ ಓದಿನ ಹುಚ್ಚಾಗಿದ್ದರೆ ಅವಳು ಇಷ್ಟು ಒದ್ದಾಡುತ್ತಿರಲಿಲ್ಲ. ದೂರದ ಗಡಿಯ ಊರಾದ ದಮಾಸಕ್‌ನಲ್ಲಿದ್ದ ಅಣ್ಣ ಮೋದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಇದ್ದತ್ ಮುಗಿದ ದಿನವೇ ಅವಳನ್ನು ಕರೆದುಕೊಂಡು ಹೋಗಲು ಲಾರಿಯವನಿಗೆ ಹೇಳಿಟ್ಟಿದ್ದ. ಅಲ್ಲಿ ಒಣಮೀನಿನ ಸಾಹುಕಾರನೊಬ್ಬನಿಗೆ ಮಾತೂ ಕೊಟ್ಟಾಗಿತ್ತು. ಮನೆಯಲ್ಲಿ ಆಗಲೇ ಇಬ್ಬರು ಹೆಂಡಿರಿದ್ದ ಆತನಿಗೆ ಮೂರನೆಯವಳು ಬೇಕಾಗಿದ್ದಳು. "ನನಗೆ ಇಲ್ಲೇ ಕೆಲಸ ಇದೆ ಅಣ್ಣಾ," ಎಂದು ಯಕುರಾ ಅತ್ತಿದ್ದಳು. ಮೋದು ಕೆಟ್ಟವನಲ್ಲ, ಆದರೆ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಬಿಟ್ಟು ಬೇರೆ ನಂಬುವವನೂ ಅಲ್ಲ. "ಉಪವಾಸದ ಮೊದಲ ಸಂಜೆ ರೇಡಿಯೋ ಹಾಕ್ತೀನಿ. ನಿನ್ನ ದನಿ ಬಂದ್ರೆ ನೀನು ಅಲ್ಲೇ ಇರು, ನಾನು ಮಾತಾಡಲ್ಲ. ಬರ್ಲಿಲ್ಲ ಅಂದ್ರೆ ನೀನು ಮಾತಾಡ್ಬಾರ್ದು," ಎಂದಿದ್ದ.

ಬುಕರ್ ತಂದಾಗ ಈ ಲ್ಯಾಪ್‌ಟಾಪು ಮಲಗಿದ ಬೆಕ್ಕಿನಷ್ಟು ಸದ್ದಿಲ್ಲದೆ ಇರುತ್ತಿತ್ತು. ಇದ್ದತ್‌ಗೆ ಕೂತು ಅದನ್ನು ಮತ್ತೆ ತೆರೆದಾಗ ಒಳಗಿನ ಪುಟ್ಟ ಫ್ಯಾನು ಹುಯ್ಯೋ ಎಂದು ಅರಚಲು ಶುರು ಮಾಡಿತ್ತು. ಅವಳು ಕಳಿಸಿದ ಮೊದಲ ತುಣುಕು ಕೇಳಿ ಕಚಲ್ಲಾ ಫೋನು ಮಾಡಿ, "ಅಕ್ಕಾ, ಹಿಟ್ಟಿನ ಗಿರಣೀಲಿ ಕೂತು ಓದಿದ್ರಾ?" ಎಂದು ಕೇಳಿದ್ದ. ಆಗ ಅವಳು ಮೊಬೈಲ್ ಸಂತೆಯ ರಿಪೇರಿಯವನಾದ ಗ್ರೇಮಾನಿಗೆ ಫೋನು ಮಾಡಿದಳು. ಬುಕರ್‌ನ ಸ್ನೇಹಿತ. ಅವನು ಫೋನಿನಲ್ಲೇ ದಾರಿ ಹೇಳಿಕೊಟ್ಟ. ಪರದೆಯ ಮೇಲೆ ಒಂದು ಗೆರೆ ಬರುತ್ತದೆ, ಅದರ ಗುಂಡಿಯನ್ನು ಬಲಕ್ಕೆ ಎಳೆದರೆ ಫ್ಯಾನು ಜೋರು, ಎಡಕ್ಕೆ ಎಳೆದರೆ ನಿಧಾನ. ಯಕುರಾ ಅದನ್ನು ಎಡತುದಿಗೆ ಎಳೆದಳು. ಕೋಣೆ ಮಸೀದಿಯಷ್ಟು ಶಾಂತವಾಯಿತು. ಅವಳು ಗ್ರೇಮಾನಿಗೆ ನೂರು ಸಲ ದುವಾ ಮಾಡಿದಳು.

ಗೆರೆಯ ಪಕ್ಕದಲ್ಲಿ ಒಂದು ಅಂಕಿ ಇತ್ತು. ಅದು ಏನೆಂದು ಆಗ ಕೇಳಲಿಲ್ಲ. ಈಗ ಚೆನ್ನಾಗಿ ಗೊತ್ತಾಗಿತ್ತು, ಅದು ಯಂತ್ರದ ಜ್ವರ. ತೊಂಬತ್ತು ದಾಟಿದರೆ ಓದಿನ ನಡುವೆ ಚಿಟಿಕೆ ಹೊಡೆದ ಹಾಗೆ ಸದ್ದು ಸೇರಿ ಪದಗಳು ತುಂಡಾಗುತ್ತಿದ್ದವು. ನೂರರ ಹತ್ತಿರ ಹೋದರೆ ಕಪ್ಪು. ಅವಳು ಮಾಡದ ಉಪಾಯವಿರಲಿಲ್ಲ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟಳು. ನೀರಿನ ಮಣ್ಣಿನ ಮಡಕೆಯ ಬಾಯಿಯ ಮೇಲೂ ಕೂರಿಸಿ ನೋಡಿದಳು, ಅರ್ಧ ಪುಟ ಹೆಚ್ಚಿಗೆ ಸಿಕ್ಕಿತು ಅಷ್ಟೆ. ಗುಂಡಿಯನ್ನು ನಡುವೆ ನಿಲ್ಲಿಸಿದರೆ ಸದ್ದೂ ಹೋಗುತ್ತಿರಲಿಲ್ಲ, ಬಿಸಿಯೂ ಇಳಿಯುತ್ತಿರಲಿಲ್ಲ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ಫ್ಯಾನು ಬಿಟ್ಟು ಕಾದರೆ ಕಥೆಯ ಉಸಿರೇ ಕಟ್ಟಿಹೋಗುತ್ತಿತ್ತು. ತುಂಡು ತುಂಡಾಗಿ ಓದಿದ್ದು ಸಂತೆಯಲ್ಲಿ ಬೆಲೆ ಕೂಗಿದ ಹಾಗೆ ಕೇಳುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗುಂಡಿ ಒತ್ತುವ ತನ್ನ ಹಳೆಯ ಫೋನು ತೆಗೆದು ಅವಳು ಗ್ರೇಮಾನಿಗೆ ಮತ್ತೆ ಕರೆ ಮಾಡಿದಳು. "ನೀನು ಬರದೇ ಇದ್ರೆ ನಾನು ಮುಗಿದೆ," ಎಂದಳು.

ಗ್ರೇಮಾ ಬಂದ. ಪರಗಂಡಸು ಒಳಗೆ ಬರುವಂತಿಲ್ಲ, ಅದರಲ್ಲೂ ಈಗ. ತಲೆಬಾಗಿಲಿನ ಕೋಣೆಯ ಚಾಪೆಯ ಮೇಲೆ ಅವನು ಕೂತ. ಒಳಬಾಗಿಲಿನ ಬಟ್ಟೆಯ ಪರದೆಯ ಹಿಂದೆ ಯಕುರಾ ನಿಂತಳು. ಲ್ಯಾಪ್‌ಟಾಪನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಅವನ ಮುಂದಿಟ್ಟವಳು ಹಜ್ಜಾ ಕೆಲ್ಲು.

"ಹಜ್ಜಾ, ಆರೋಗ್ಯನಾ? ಬಿಸಿಲು ಹೇಗಿದೆ?"

"ಬಿಸಿಲಿಗೇನು ಬಂತು, ಅದು ಚೆನ್ನಾಗೇ ಇದೆ. ನಾವೇ ಸಾಯ್ತಿರೋದು. ಕೂತ್ಕೋ, ನೀರು ಕುಡಿ. ಆಮೇಲೆ ಈ ದೆವ್ವ ಬಿಡಿಸು."

"ಗೆರೆ ಎಳ್ದಿದ್ದು ಎಲ್ಲಿಗೆ ಅಕ್ಕಾ?" ಗ್ರೇಮಾ ಅವಳಿದ್ದ ಪರದೆಯ ಕಡೆ ಮುಖ ತಿರುಗಿಸದೆ ಕೇಳಿದ.

"ಎಡಗಡೆ ಕೊನೆಗೆ. ನೀನೇ ಹೇಳಿದ್ದಲ್ಲ?"

"ಕೊನೇವರೆಗೆ ಎಳೀರಿ ಅಂತ ನಾನೆಲ್ಲಿ ಹೇಳ್ದೆ? ಸ್ವಲ್ಪ ಅಂದೆ."

"ಸದ್ದೇ ಬರಬಾರ್ದು ಅಂದೆ. ನೀನು ಹೂಂ ಅಂದೆ."

"ಸದ್ದು ಬೇಡ ಅಂದ್ರಿ, ಸದ್ದು ಹೋಗೋ ದಾರಿ ಹೇಳ್ದೆ. ಬಿಸಿ ಬೇಡ ಅಂತ ನೀವು ಹೇಳ್ಲೇ ಇಲ್ವಲ್ಲ." ಅಂದವನೇ ತಾನೇ ನಾಲಿಗೆ ಕಚ್ಚಿಕೊಂಡ. "ತಪ್ಪು ನಂದೂ ಇದೆ ಬಿಡಿ. ಆದ್ರೆ ಹೊಸ ಯಂತ್ರ ಹೀಗೆ ಅರಚ್ಬಾರ್ದು. ಒಳಗೆ ಮರಳು ತುಂಬಿರ್ಬೇಕು. ಈ ಸಲದ ಧೂಳುಗಾಳಿ ಯಾರನ್ನ ಬಿಟ್ಟಿದೆ?"

ತಳದ ಸ್ಕ್ರೂಗಳು ಒಂದೊಂದಾಗಿ ಪಿಂಗಾಣಿ ತಟ್ಟೆಗೆ ಬೀಳುವ ಸದ್ದನ್ನು ಯಕುರಾ ಪರದೆಯ ಹಿಂದೆ ನಿಂತು ಕೇಳಿದಳು. ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿ ಬದುಕಿದವಳು ಅವಳು. ತಟ್ಟೆಯ ಸದ್ದು ನಿಂತಿತು. ಪ್ಲಾಸ್ಟಿಕ್ ತಳ ಪಟ್ಟೆಂದು ಬಿಟ್ಟುಕೊಂಡಿತು.

ಮಾತಿಗಿಂತ ಮೊದಲು ಪರದೆಯನ್ನು ದಾಟಿ ಬಂದದ್ದು ವಾಸನೆ. ಗಂಧದ ಚಕ್ಕೆ, ಲವಂಗ, ಎಣ್ಣೆಯಲ್ಲಿ ನೆನೆಸಿಟ್ಟ ಬೇರು, ಕೆಂಡಕ್ಕೆ ಬಿದ್ದ ಸಕ್ಕರೆ. ಗುರುವಾರ ಸಂಜೆಗಳ ವಾಸನೆ. ಬುಕರ್ ಸ್ನಾನ ಮಾಡಿ ಬಂದು ಒಗೆದ ಅಂಗಿ ತಲೆಯ ಮೇಲಿಂದ ಹಾಕಿಕೊಳ್ಳುವಾಗ ಕೋಣೆ ತುಂಬ ಏಳುತ್ತಿದ್ದ ವಾಸನೆ. ಯಕುರಾ ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು. ಇದ್ದತ್‌ನಲ್ಲಿ ಕೂತವಳು ಸುಗಂಧ ಹಚ್ಚಿಕೊಳ್ಳಬಾರದು. ತಾನಾಗಿ ಬಂದದ್ದನ್ನು ಮೂಸಿದರೆ ಪಾಪವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ಮೊದಲೇ ಎದೆ ತುಂಬ ಎಳೆದುಕೊಂಡುಬಿಟ್ಟಿದ್ದಳು.

"ಯಾ ಅಲ್ಲಾ!" ಗ್ರೇಮಾ ನಗಲು ಶುರು ಮಾಡಿದ. "ಮದುಮಗಳಿಗೆ ಹಾಕೋ ಧೂಪಾನ ಮಿಷೀನಿಗೆ ಹಾಕಿದಾರೆ! ಇಷ್ಟು ವರ್ಷದಲ್ಲಿ ಮರಳು ತೆಗ್ದಿದೀನಿ, ಜಿರಳೆ ತೆಗ್ದಿದೀನಿ, ಒಂದ್ಸಲ ಹಲ್ಲಿ ಮರೀನೂ ತೆಗ್ದಿದೀನಿ. ಧೂಪ ಇದೇ ಮೊದಲು. ನೋಡಿ ಹಜ್ಜಾ, ಹೊಗೆ ಜಿಡ್ಡು ಕೂತು, ಅದರ ಮೇಲೆ ಧೂಳು ಕೂತು, ರೊಟ್ಟಿ ಹಾಗೆ ಗಟ್ಟಿಯಾಗಿದೆ. ಗಾಳಿ ಹೋಗೋ ತೂತೇ ಇಲ್ಲ. ಫ್ಯಾನು ಅರಚದೆ ಇನ್ನೇನು ಮಾಡುತ್ತೆ? ಯಾರು ಮಾಡಿದ್ದು ಇದನ್ನ?"

ಯಾರೂ ನಗಲಿಲ್ಲ. ಅವನ ನಗೆಯೂ ನಡುವೆಯೇ ನಿಂತಿತು.

"ನಾನು," ಎಂದಳು ಹಜ್ಜಾ ಕೆಲ್ಲು.

ಪರದೆಯ ಹಿಂದೆ ಯಕುರಾ ಹಿಡಿದ ಬಟ್ಟೆಯನ್ನು ಬಿಟ್ಟಳು.

"ನೀನು ರೇಡಿಯೋಗೆ ಹೋದಾಗ ಹಾಕ್ತಿದ್ದೆ," ಮುದುಕಿಯ ದನಿ ಈಗ ಪರದೆಯ ಕಡೆಗೆ ತಿರುಗಿತ್ತು. "ಬಟ್ಟೆ ಹರವೋ ಬುಟ್ಟಿ ಇದೆಯಲ್ಲ, ಅದರ ಕೆಳಗೆ ಕೆಂಡ ಇಟ್ಟು, ಮೇಲೆ ಇದನ್ನ ಬಾಯಿ ತೆಗೆದು ಕವುಚಿ ಹಾಕಿ. ಗುರುವಾರ ಗುರುವಾರ. ಅವನು ಅಷ್ಟು ಆಸೆಯಿಂದ ತಂದಿದ್ದ. ಬರೀ ಅಂಗಡಿ ನಾತ ಹೊಡೀತಿತ್ತು. ಹೊಸ ಸೊಸೆ ಬಟ್ಟೆಗೆ ಹಾಕ್ತೀವಿ, ಹುಟ್ಟಿದ ಮಗೂಗೆ ಹಾಕ್ತೀವಿ, ಹೊಸ ಹಾಸಿಗೇಗೆ ಹಾಕ್ತೀವಿ. ಅಂಗಡಿ ನಾತ ಹಾಗೇ ಬಿಟ್ರೆ ಒಂದು ವಸ್ತು ಮನೇದಾಗೋದು ಹೇಗೆ?"

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಹಜ್ಜಾ?"

"ಧೂಪ ಹಾಕೋಕೂ ಅಪ್ಪಣೆ ಕೇಳ್ಬೇಕಿತ್ತಾ ನಾನು, ನನ್ನ ಮನೇಲಿ?" ಎಂದು ಹಜ್ಜಾ ಗದರಿದಳು. ಗದರಿಕೆಯ ಕೊನೆ ಮಾತ್ರ ಬಿರುಕು ಬಿಟ್ಟಿತ್ತು. ಎದ್ದು ಒಳಗೆ ಬಂದವಳು ಸೊಸೆಯ ಮುಖ ನೋಡದೆ ಅಡುಗೆಯ ಕಡೆ ಹೋದಳು.

ಗ್ರೇಮಾ ಸ್ಪಿರಿಟ್ಟು, ಹತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದ. ಬಹಳ ಹೊತ್ತು ಉಜ್ಜಿದ. ಜಿಡ್ಡು ಸುಮ್ಮನೆ ಬಿಡುವಂಥದ್ದಲ್ಲ, ಚಪ್ಪಲಿ ಹೊಲಿಯುವವರ ಅಂಟಿನ ಹಾಗೆ ಹಿಡಿದುಕೊಂಡಿತ್ತು. ಯಕುರಾ ಅಲ್ಲೇ ಗೋಡೆಗೊರಗಿ ಕೂತು ಕೇಳುತ್ತಿದ್ದಳು. ಉಜ್ಜುವ ಸದ್ದು, ಉಫ್ ಎಂದು ಊದುವ ಸದ್ದು, ಮತ್ತೆ ಉಜ್ಜುವ ಸದ್ದು. ಆಮೇಲೆ ಸಣ್ಣದೊಂದು ಟಕ್.

ಆ ಟಕ್ ಏನೆಂದು ಅವಳಿಗೆ ಅವನು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

"ಅಕ್ಕಾ..."

"ಏನು ಮುರಿದೆ?"

"ಒಂದು ರೆಕ್ಕೆ. ಫ್ಯಾನಿನದು. ಅಂಟು ಕಿತ್ಕೊಂಡು ಬರುವಾಗ ಜೊತೆಗೆ ಬಂದ್ಬಿಡ್ತು. ಬೆರಳಿನ ಉಗುರಿನಷ್ಟೂ ಇಲ್ಲ ಅಕ್ಕಾ, ಇಷ್ಟೇ ಇಷ್ಟು."

ಇಷ್ಟೇ ಇಷ್ಟು ಹೋದ ಫ್ಯಾನನ್ನು ಅವನು ಹಚ್ಚಿ ತೋರಿಸಿದ. ಅದು ತಿರುಗಿತು. ತಿರುಗುತ್ತ ತಿರುಗುತ್ತ ಇಡೀ ಯಂತ್ರವನ್ನೇ ನಡುಗಿಸಿತು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಹೊಸ ಫ್ಯಾನು ಮೈದುಗುರಿಯಲ್ಲಿ ಸಿಗುವುದಿಲ್ಲ, ದೂರದ ಕಾನೋ ನಗರದಿಂದ ತರಿಸಬೇಕು. ದಾರಿಯ ತಪಾಸಣೆಗಳನ್ನೆಲ್ಲ ದಾಟಿ ಅದು ಬರುವ ಹೊತ್ತಿಗೆ ಉಪವಾಸ ಶುರುವಾಗಿ ದಿನಗಳು ಕಳೆದಿರುತ್ತವೆ. ಅಂಗಡಿಯಲ್ಲಿ ಬೇರೆ ಲ್ಯಾಪ್‌ಟಾಪು ಇಲ್ಲವೇ ಎಂದು ಯಕುರಾ ಕೇಳಿದಳು. ಇದ್ದವೆಲ್ಲ ರಿಪೇರಿಗೆ ಬಂದವೇ. ತನ್ನ ಫೋನು ಕೊಡುತ್ತೇನೆಂದ ಗ್ರೇಮಾ. ಫೋನಿನಲ್ಲಿ ಓದಿದ್ದನ್ನು ಕಚಲ್ಲಾ ಹಿಂದೊಮ್ಮೆ ಬಿಲದಲ್ಲಿ ಕೂತ ಮೊಲದ ದನಿ ಎಂದು ವಾಪಸು ಕಳಿಸಿದ್ದ.

"ತಳ ಮುಚ್ಬೇಡಿ," ಗ್ರೇಮಾ ಹೊರಡುವಾಗ ಹೇಳಿದ. ಅವನ ದನಿ ಈಗ ನೆಲದ ಮೇಲಿತ್ತು. "ಹೀಗೇ ತೆರೆದಿಟ್ಟು ಪಕ್ಕಕ್ಕೆ ನಿಲ್ಸಿ, ಅದರ ಪರದೆ ಪೂರ್ತಿ ಬಿಚ್ಚಿ. ಜಿಡ್ಡು ಹೋಗಿದೆಯಲ್ಲ, ಒಂದಿಷ್ಟು ತಡೆದ್ರೂ ತಡೀಬಹುದು. ನಾಳೆ ಮಧ್ಯಾಹ್ನ ನಾನೇ ಬರ್ತೀನಿ. ಓದು ಏನಾದ್ರೂ ಆಗಿದ್ರೆ ನಾನೇ ರೇಡಿಯೋಗೆ ಮುಟ್ಟಿಸ್ತೀನಿ."

"ಏನೂ ಆಗಿಲ್ಲ ಅಂದ್ರೆ?"

ಅವನು ಚಪ್ಪಲಿ ಮೆಟ್ಟಿಕೊಂಡ. "ಬುಕರ್ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ದ," ಎಂದಷ್ಟೇ ಹೇಳಿ ಹೋದ.

ಸಂಜೆಯ ನಮಾಜಿನ ನಂತರ ಕಚಲ್ಲಾನ ಫೋನು ಬಂತು. "ಅಕ್ಕಾ, ನನ್ನ ಮೇಲೂ ಒತ್ತಡ ಇದೆ. ಹೊಸ ಹುಡುಗಿ ಒಬ್ಬಳು ಬಂದಿದಾಳೆ, ಓದ್ತಾಳೆ. ನಿಮ್ಮ ಹಾಗಲ್ಲ. ಆದ್ರೆ ಓದ್ತಾಳೆ, ಇಲ್ಲೇ ಕೂತು. ನಾಳೆ ಮಧ್ಯಾಹ್ನ ದಾಟಿದ್ರೆ ನನ್ನ ಕೈಲಿ ಏನೂ ಇಲ್ಲ."

ಯಕುರಾ ಫೋನು ಇಟ್ಟು ಒಳಂಗಳಕ್ಕೆ ಬಂದಳು. ಹಜ್ಜಾ ಕೆಲ್ಲು ರಾತ್ರಿಯ ಗಂಜಿ ತಿರುವುತ್ತಿದ್ದಳು.

"ಹಜ್ಜಾ, ನಾಳೆ ಬೆಳಿಗ್ಗೆ ಒಂದೇ ಸಲ ಹೋಗಿ ಬಂದ್ಬಿಡ್ತೀನಿ. ಮುಖ ಮುಚ್ಕೊಂಡು, ಆಟೋದಲ್ಲಿ. ಅಗತ್ಯ ಇದ್ರೆ ಹೋಗಬಹುದು ಅಂತ ಹೇಳೋರೂ ಇದಾರೆ."

"ಹೇಳೋರು ಬಂದು ನನ್ನ ಮಕ್ಕಳಿಗೆ ಉತ್ತರ ಕೊಡ್ತಾರಾ? ಅಣ್ಣ ಸತ್ತ ಮೇಲೆ ಅತ್ತಿಗೆ ಇದ್ದತ್ ಮುರಿದು ಬೀದಿಗೆ ಹೋದ್ಲು, ಅಮ್ಮ ನೋಡ್ತಾ ಕೂತಿದ್ಲು ಅಂತಾರೆ ನಿನ್ನ ಮೈದುನರು." ಹಜ್ಜಾ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಅವನಿಗೆ ನಾನು ಕೊಡಬಹುದಾದ್ದು ಇನ್ನು ಏನುಳಿದಿದೆ ಹೇಳು. ಇದೊಂದು ಮರ್ಯಾದೆ. ಅದನ್ನೂ ನನ್ನ ಕೈಯಿಂದಲೇ ಮುರೀಲಾ?"

"ನಾನು ದಮಾಸಕ್‌ಗೆ ಹೋಗ್ಲಾ ಹಾಗಾದ್ರೆ?"

ಹಜ್ಜಾ ಗಂಜಿಯನ್ನೇ ನೋಡುತ್ತಿದ್ದಳು. "ಉಪ್ಪು ಹಾಕಿದ್ನಾ ಇದಕ್ಕೆ?" ಎಂದಳು ಕೊನೆಗೆ. ಯಕುರಾ ಒಳಗೆ ಹೋದಳು. ಅಂದು ಅವಳು ಊಟ ಮಾಡಲಿಲ್ಲ. ಅತ್ತೆ ಎರಡು ಸಲ ಕರೆದು ಸುಮ್ಮನಾದಳು.

ಬೆಳಿಗ್ಗೆ ಸೋಲಾರ್ ಹಲಗೆಗೆ ಬಿಸಿಲು ತಾಗುತ್ತಿದ್ದಂತೆ ಯಕುರಾ ಮತ್ತೆ ಕೂತಳು. ಎರಡು ಇಟ್ಟಿಗೆಗಳ ನಡುವೆ ಲ್ಯಾಪ್‌ಟಾಪನ್ನು ಪುಸ್ತಕದ ಹಾಗೆ ಪಕ್ಕಕ್ಕೆ ನಿಲ್ಲಿಸಿದಳು. ಹಿಂಭಾಗದಲ್ಲಿ ಅದರ ಕರುಳೆಲ್ಲ ಕಾಣುತ್ತಿತ್ತು. ತಾಮ್ರದ ಸಣ್ಣ ಕೊಳವೆ, ಹಸಿರು ಹಲಗೆ, ಒಂದು ರೆಕ್ಕೆ ಕಳಕೊಂಡ ಫ್ಯಾನು. ಸ್ಪಿರಿಟ್ಟಿನ ಘಾಟಿನ ಕೆಳಗೆ ಆ ಇನ್ನೊಂದು ವಾಸನೆ ತೆಳ್ಳಗೆ ಉಳಿದೇ ಇತ್ತು. ಅಡ್ಡವಾಗಿ ನಿಂತ ಪರದೆಯ ಅಂಕಿ ಓದಲು ಅವಳು ತಲೆ ಓರೆ ಮಾಡಬೇಕಾಗುತ್ತಿತ್ತು. ಕಂಬಳಿ ಇಳಿಬಿಟ್ಟಳು. ಗುಂಡಿಯನ್ನು ಎಡತುದಿಗೆ ಎಳೆದಳು. ಫ್ಯಾನು ಎರಡು ಸಲ ಕೆಮ್ಮಿ ನಿಂತಿತು.

ಬಿಸ್ಮಿಲ್ಲಾ ಎಂದು ಅವಳು ಮೊದಲ ಕಂತು ಶುರು ಮಾಡಿದಳು. ಸೂರ್ಯ ಹುಟ್ಟುವ ಮುನ್ನ ಒಂಟೆಗಳಿಗೆ ಉಪ್ಪಿನ ಹಲಗೆ ಹೇರುವ ಹೊತ್ತು. ಅಪ್ಪ ಒಂಟೆಗಳನ್ನು ಹೆಸರಿಟ್ಟು ಕರೆಯುತ್ತಾನೆ. ಹೆಂಗಸರು ಚರ್ಮದ ಚೀಲಗಳಿಗೆ ನೀರು ತುಂಬುತ್ತಾರೆ. ದನಿ ಚೆನ್ನಾಗಿತ್ತು, ಅವಳಿಗೇ ತಿಳಿಯುತ್ತಿತ್ತು. ರಾತ್ರಿಯೆಲ್ಲ ಅತ್ತ ಗಂಟಲು ಸ್ವಲ್ಪ ಇಳಿದು ಮರಳಿನ ಕಥೆಗೆ ಸರಿಯಾಗಿ ಕೂತಿತ್ತು. ಎರಡನೆಯ ಪುಟದ ಹೊತ್ತಿಗೆ ಅಂಕಿ ಎಂಬತ್ತು ದಾಟಿತು. ಅವಳು ಓದುತ್ತಲೇ ಇದ್ದಳು. ಎಂಬತ್ತಾರು. ಕಥೆಯಲ್ಲಿ ಸಾಲು ಹೊರಟಿತು, ಕೊನೆಯ ಒಂಟೆಯ ಗಂಟೆ ಕೇಳಿಸದಷ್ಟು ದೂರ ಹೋಯಿತು. ಎಂಬತ್ತೊಂಬತ್ತು. ಓದು ಬೇಗ ಬೇಗ ಆಗುತ್ತಿದೆಯೆಂದು ಗೊತ್ತಾಗಿ ತಾನೇ ತಡೆದು ನಿಧಾನ ಮಾಡಿದಳು. ತೊಂಬತ್ತೊಂದು. ಇನ್ನು ಚಿಟಿಕೆಯ ಸದ್ದು ಶುರುವಾಗುತ್ತದೆ. ಇದೊಂದು ಕಂತಾದರೂ, ಇದೊಂದಾದರೂ ಎಂದು ಅವಳು ಬಾಯಲ್ಲಿ ಕಥೆ ಓದುತ್ತ ಒಳಗೊಳಗೇ ಬೇಡಿಕೊಂಡಳು. ತೊಂಬತ್ಮೂರು.

ಬಾಗಿಲ ಕಂಬಳಿ ಅಲುಗಿತು.

ಹಜ್ಜಾ ಕೆಲ್ಲು ಒಳಗೆ ಬಂದಳು. ಚಪ್ಪಲಿ ಹೊರಗೇ ಬಿಟ್ಟು ಬರಿಗಾಲಿನಲ್ಲಿ ಬಂದಿದ್ದಳು. ಕಂಕುಳಲ್ಲಿ ತಾಳೆಗರಿಯ ಬೀಸಣಿಗೆ. ಯಕುರಾ ಓದು ನಿಲ್ಲಿಸದೆ ಕಣ್ಣಲ್ಲೇ, ಬೇಡ, ಹೊರಗೆ ಹೋಗು, ಎಂದು ಗದರಿದಳು. ಮುದುಕಿ ಅದನ್ನು ನೋಡಿಯೂ ನೋಡದವಳಂತೆ ಮೆಲ್ಲಗೆ ನೆಲಕ್ಕೆ ಇಳಿದು, ಇಟ್ಟಿಗೆಗಳ ಹಿಂದೆ, ಯಂತ್ರದ ತೆರೆದ ಬೆನ್ನಿಗೆ ಎದುರಾಗಿ ಕೂತಳು. ಬೀಸಣಿಗೆ ಎತ್ತಲು ಹೋದವಳು ತನ್ನ ಕೈಯನ್ನೇ ನೋಡಿ ತಡೆದಳು. ಎರಡೂ ಕೈಗೆ ಮೊಣಕೈವರೆಗೂ ಬೆಳ್ಳಿ ಬಳೆಗಳಿದ್ದವು. ಎಲ್ಲವೂ ಹಳೆಯವು, ದಪ್ಪನೆಯವು. ಒಂದೊಂದೇ ಬಳೆಯನ್ನು ಉಗುಳು ಸವರಿ, ಹಲ್ಲು ಕಚ್ಚಿ, ಗೆಣ್ಣಿನ ಮೇಲಿಂದ ಜಾರಿಸಿ, ಸದ್ದಾಗದಂತೆ ನೆಲದ ಚಾಪೆಯ ಮೇಲಿಟ್ಟಳು. ಒಂದು ಬರಲಿಲ್ಲ. ಅದಕ್ಕೆ ಸೆರಗಿನ ತುದಿ ಸುತ್ತಿ ಕಟ್ಟಿದಳು.

ಆಮೇಲೆ ಬೀಸತೊಡಗಿದಳು. ತೊಟ್ಟಿಲಿನ ಮಗುವಿಗೆ ಬೀಸುವಂತೆ, ಉದ್ದಕ್ಕೆ, ಒಂದೇ ಹದದಲ್ಲಿ. ಗರಿಯ ಅಂಚು ಯಾವುದಕ್ಕೂ ತಾಗುತ್ತಿರಲಿಲ್ಲ. ಯಕುರಾ ಕಿವಿಗೊಟ್ಟು ಕೇಳಿದಳು, ಏನೂ ಕೇಳಿಸಲಿಲ್ಲ. ಪುಟ ತಿರುವಿದಳು. ತೊಂಬತ್ಮೂರು. ಬಾವಿಯಲ್ಲಿ ನೀರಿಲ್ಲವೆಂದು ಮಗ ಓಡಿ ಬಂದು ಅಪ್ಪನಿಗೆ ಹೇಳುವ ಜಾಗ. ತೊಂಬತ್ಮೂರು. ಅಪ್ಪ ಮಾತಾಡದೆ ಹಗ್ಗ ಸುತ್ತುತ್ತಾನೆ. ತೊಂಬತ್ತೆರಡು.

ಕೋಣೆಯ ಬಿಸಿಗೆ ಮುದುಕಿಯ ಹಣೆಯಿಂದ ಬೆವರು ಹರಿದು ಮೂಗಿನ ತುದಿಯಲ್ಲಿ ನಿಂತು ಬೀಳುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಕಣ್ಣು ಸೊಸೆಯ ತುಟಿಗಳ ಮೇಲಿತ್ತು, ಮುಂದಿನ ಮಾತು ತನಗೆ ಮೊದಲೇ ಗೊತ್ತಾಗಬೇಕೆಂಬಂತೆ ಅವಳ ತುಟಿಯೂ ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು. ಬಲಗೈ ಸೋತಾಗ ಬೀಸಣಿಗೆಯನ್ನು ಗಾಳಿ ತಪ್ಪದ ಹಾಗೆ ಎಡಗೈಗೆ ದಾಟಿಸಿದಳು. ಯಕುರಾ ಎರಡನೆಯ ಕಂತಿನ ಕಾಗದ ಎತ್ತಿಕೊಂಡಳು. ಕಾಗದದ ಅಂಚಿನಾಚೆ, ಕತ್ತಲ ಕೋಣೆಯಲ್ಲಿ, ಎಷ್ಟೋ ವರ್ಷಗಳಿಂದ ಬಿಸಿಲು ಕಾಣದ ಮುಂಗೈಯ ಬಳೆಯ ಗುರುತುಗಳು ಬೆಳ್ಳಗೆ ಹೋಗಿ ಬರುತ್ತಿದ್ದವು, ಹೋಗಿ ಬರುತ್ತಿದ್ದವು.